ದ್ರಾಕ್ಷೇತೋಟದ ಕೂಲಿ: ಈ ಸಾಮ್ಯ ನನಗೆ ಅರ್ಥವಾದ ಬಗೆ

ಬೈಬಲ್ಲಿನ ಮತ್ತಾಯ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಹೇಳುವ ಸಾಮ್ಯ, ಅಂದರೆ ನೀತಿಕಥೆ, ನನ್ನನ್ನು ಬಹಳ ವರ್ಷ ಕಾಡಿದೆ. ದ್ರಾಕ್ಷೇತೋಟದ ಯಜಮಾನನೊಬ್ಬ ಬೆಳಗಿನಿಂದ ಸಂಜೆವರೆಗೆ ಐದು ಹೊತ್ತಿನಲ್ಲಿ ಆಳುಗಳನ್ನು ಕೂಲಿಗೆ ಕರೆಯುತ್ತಾನೆ. ಬೆಳಗ್ಗೆಯಿಂದ ಬಿಸಿಲಲ್ಲಿ ದುಡಿದವರಿಗೂ ಒಂದು ದೆನಾರಿಯಸ್ (ಒಂದು ದಿನದ ಕೂಲಿಯಷ್ಟಾಗುವ ರೋಮನ್ ಬೆಳ್ಳಿ ನಾಣ್ಯ), ಸಂಜೆ ಐದಕ್ಕೆ ಬಂದು ಒಂದೇ ಗಂಟೆ ಕೆಲಸ ಮಾಡಿದವರಿಗೂ ಅಷ್ಟೇ. ನಮ್ಮ ತಾತ ತೋಟದ ಕೂಲಿ ಮಾಡಿದವರು. ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಬೆಳಗಿನ ಆಳುಗಳ ಕಡೆಗೇ ವಾಲುತ್ತಿತ್ತು.

ಭಾನುವಾರದ ಬೈಬಲ್ ತರಗತಿಗೆ ಇದನ್ನೇ ಹೇಳಿಕೊಡಬೇಕಾಗಿ ಬಂತು. ಐದು ಹೊತ್ತು ಅಂದರೆ ಆದಾಮನಿಂದ ಕ್ರಿಸ್ತನವರೆಗಿನ ಐದು ಕಾಲ, ಅಥವಾ ಮನುಷ್ಯನ ವಯಸ್ಸಿನ ಐದು ಹಂತ ಅಂತ ಮೂರನೇ ಶತಮಾನದ ಕ್ರೈಸ್ತ ಪಂಡಿತ ಓರಿಗೆನ್ ಹಿಂದೆಯೇ ಬರೆದಿದ್ದಾನೆ. ಓದೋಕೆ ಚೆನ್ನಾಗಿದೆ. ಆದರೆ ಅವತ್ತು ಯೇಸುವಿನ ಎದುರು ಕೂತು ಕೇಳಿಸಿಕೊಂಡವರಿಗೆ ಇದೆಲ್ಲ ಹೊಳೆದಿರುತ್ತದಾ? ನನಗೆ ಹಾಗನ್ನಿಸಲಿಲ್ಲ.

ಕೊನೆಗೆ ನಾನು ಮಾಡಿದ್ದು ಇಷ್ಟೇ, ಅಧ್ಯಾಯದ ಗೆರೆಯನ್ನು ಮರೆತು ಹಿಂದಿನ ಪುಟದಿಂದ ಓದಿದೆ. ಈ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು, ಮತ್ತಾಯ ಮಾಡಿದ್ದಲ್ಲ. 19:27ರಲ್ಲಿ ಶಿಷ್ಯ ಪೇತ್ರ ಯೇಸುವನ್ನು ಕೇಳುತ್ತಾನೆ, ನಾವು ಎಲ್ಲ ಬಿಟ್ಟು ನಿನ್ನ ಹಿಂದೆ ಬಂದೆವಲ್ಲ, ನಮಗೇನು ಸಿಗುತ್ತದೆ ಅಂತ. ಯೇಸು ಪ್ರತಿಫಲ ಇದೆ ಅನ್ನುತ್ತಾನೆ, ಜೊತೆಗೆ ಮೊದಲಿನವರು ಕಡೆಯವರಾಗುವರು ಅಂತಲೂ ಹೇಳುತ್ತಾನೆ. ಆಮೇಲೆ ಈ ಕಥೆ. ಮೂಲ ಗ್ರೀಕ್‌ನಲ್ಲಿ ಇದು ಶುರುವಾಗುವಾಗ ‘ಯಾಕಂದರೆ’ ಅನ್ನೋ ಮಾತಿದೆ. ಅಂದರೆ ಕಥೆ ಪೇತ್ರನ ಪ್ರಶ್ನೆಗೆ ಉತ್ತರ, ಅಲ್ವಾ? ಎಲ್ಲ ಬಿಟ್ಟು ಬಂದ ಶಿಷ್ಯರೇ ಇಲ್ಲಿ ಬೆಳಗಿನ ಆಳುಗಳು.

ಅಲ್ಲಿಂದ ಕೂಲಿ ಕೊಡೋ ದೃಶ್ಯವನ್ನು ನಿಧಾನವಾಗಿ ಓದಿದೆ. ಹೊತ್ತು ಮುಳುಗುವ ಮುಂಚೆ ಕೂಲಿ ಕೊಟ್ಟುಬಿಡಬೇಕು ಅನ್ನೋದು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ 24:15ರ ಕಟ್ಟಳೆ. ಯಜಮಾನ ಅದನ್ನು ಪಾಲಿಸುತ್ತಾನೆ. ಆದರೆ ಕಡೆಗೆ ಬಂದವರಿಂದ ಕೊಡಲು ಶುರು ಮಾಡಿಸುತ್ತಾನೆ. ಬೆಳಗಿನವರಿಗೆ ಮೊದಲೇ ಕೊಟ್ಟಿದ್ದರೆ ಅವರು ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಈಗ ನಿಂತು ನೋಡಬೇಕು. ನೋಡಿ ಅವರು ಗೊಣಗಿದ್ದೇನು? ನೀನು ಇವರನ್ನು ನಮಗೆ ಸಮ ಮಾಡಿಬಿಟ್ಟೆ ಅಂತ. ಒಪ್ಪಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ. ಯಜಮಾನ ಕೊಡೋ ಉತ್ತರವೂ ಗ್ರೀಕ್‌ನಲ್ಲಿ ಹೀಗಿದೆ: ನಾನು ಒಳ್ಳೆಯವನಾದದ್ದಕ್ಕೆ ನಿನ್ನ ಕಣ್ಣು ಕೆಟ್ಟದಾಯಿತೇ? ನಾವು ಕಣ್ಣುರಿ ಅನ್ನೋದು ಇದನ್ನೇ ತಾನೇ. ಕೂಲಿಯ ನ್ಯಾಯ ಅಂತ ನಾನು ಅಷ್ಟು ವರ್ಷ ಹಿಡಿದುಕೊಂಡಿದ್ದು ನಿಜವಾಗಿ ಈ ಉರಿಯನ್ನೇ. ಅದು ಗೊತ್ತಾದಾಗ ಸುಮ್ನೆ ಪುಸ್ತಕ ಮುಚ್ಚಿ ಕೂತುಬಿಟ್ಟೆ.

ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ಗಾರೆ ಕೆಲಸಕ್ಕೆ ಹೋಗುವ ಒಬ್ಬ ಅಕ್ಕ ಏಳನೇ ವಚನ ಇನ್ನೊಂದು ಸಲ ಓದಿ ಅಂದರು. ‘ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ’ ಅಂತ ಸಂಜೆ ಐದರವರು ಯಜಮಾನನಿಗೆ ಹೇಳೋ ಮಾತು. “ಐದರವರೆಗೂ ಅಲ್ಲೇ ನಿಂತಿದ್ದರು ಅಂದ್ರೆ, ಬರಿಗೈಲಿ ಮನೆಗೆ ಹೋಗೋಕೆ ಆಗ್ತಿರ್ಲಿಲ್ಲ ಅಂತ” ಅಂದರು. ನಾನು ಆ ವಚನದ ಮೇಲೆ ಒಂದು ಸಾಲೂ ಬರೆದುಕೊಂಡಿರಲಿಲ್ಲ. ಉಳಿದ ಹೊತ್ತೆಲ್ಲ ಅದನ್ನೇ ಮಾತಾಡಿದೆವು.