ನೀಲಿಕಲ್ಲಿಗೆ ನೀರು ಕಡಿಮೆ, ಉಪ್ಪು ಕೊನೆಗೆ

ಸಮುದ್ರದ ಬಂಡೆಗೆ ಅಂಟಿ ಬೆಳೆಯುವ ಜೋಡಿ ಚಿಪ್ಪಿನ ಜೀವಿ ನೀಲಿಕಲ್ಲು; ಕುಂದಾಪುರದ ಕಡೆಯ ಈ ನೀಲಿಕಲ್ಲೇ ತುಳುವರ ಪಚ್ಚಿಲೆ. ಇದರ ಸಾರಿಗೆ ರುಚಿ ಬರುವುದು ಮಸಾಲೆಯಿಂದಲ್ಲ, ಚಿಪ್ಪು ಬಾಯಿ ಬಿಟ್ಟಾಗ ಇಳಿಯುವ ಉಪ್ಪುಪ್ಪಾದ ರಸದಿಂದ. ಪಾತ್ರೆ ತುಂಬ ನೀರು ಸುರಿದರೆ ಆ ರಸವೆಲ್ಲ ತೆಳ್ಳಗಾಗಿ ಹೋಗುತ್ತದೆ.

ಮೂರು ನಾಲ್ಕು ಜನರಿಗೆ 1 ಕಿಲೋ ಬೇಕು, ತೂಕದಲ್ಲಿ ಚಿಪ್ಪಿನದೇ ಹೆಚ್ಚು ಪಾಲು. ಬಾಯಿ ಬಿಟ್ಟದ್ದು ಕಂಡರೆ ಇನ್ನೊಂದು ಚಿಪ್ಪಿನಿಂದ ತಟ್ಟಿ ಸ್ವಲ್ಪ ಕಾಯಿರಿ. ಜೀವ ಇದ್ದರೆ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ, ಇಲ್ಲದಿದ್ದರೆ ಎಸೆಯಿರಿ. ಒಡೆದದ್ದೂ ಬೇಡ. ಕೈಗೆ ತೀರಾ ಭಾರವೆನಿಸಿದರೆ ಒಳಗೆ ಕೆಸರು ತುಂಬಿರಬಹುದು. ಅಂಥದ್ದು ಒಂದೇ ಒಂದು ಪಾತ್ರೆಗೆ ಬಿದ್ದರೂ ಸಾರು ಪೂರ್ತಿ ಹಾಳು. ಚರಂಡಿ ನೀರು ಸೇರುವ ಕಡೆ, ಅಥವಾ ಸಮುದ್ರದ ನೀರು ಕೆಂಪಾದ ದಿನಗಳಲ್ಲಿ ತೆಗೆದದ್ದನ್ನು ಕೊಳ್ಳಲೇಬೇಡಿ, ಆ ವಿಷ ಕುದಿಸಿದರೂ ಹೋಗುವುದಿಲ್ಲ.

ತಂದ ದಿನವೇ ಬೇಯಿಸಿ. ಅಲ್ಲಿಯವರೆಗೆ ಅಗಲ ಪಾತ್ರೆಯಲ್ಲಿ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿಟ್ಟರೂ, ಸಿಹಿನೀರಿನಲ್ಲಿ ನೆನೆಹಾಕಿದರೂ ಸಾಯುತ್ತವೆ. ಚಿಪ್ಪನ್ನು ತೆಂಗಿನ ನಾರಿನಿಂದ ತಿಕ್ಕಿ, ಅಂಟಿದ ಗಂಟುಗಳನ್ನು ಕತ್ತಿಯ ಬೆನ್ನಿನಿಂದ ಕೆರೆಯಿರಿ. ಎರಡು ಚಿಪ್ಪಿನ ಸಂದಿಯಿಂದ ಕಂದು ನಾರಿನ ಗೊಂಚಲು ಹೊರಬಂದಿರುತ್ತದೆ. ಅದನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದು ಚೂಪು ತುದಿಯ ಕಡೆಗೆ ಎಳೆಯಿರಿ. ಈ ಕೆಲಸ ಒಲೆ ಹಚ್ಚುವ ಮೊದಲಷ್ಟೇ ಆಗಬೇಕು, ನಾರು ಕಿತ್ತ ಮೇಲೆ ಅದು ಹೆಚ್ಚು ಹೊತ್ತು ಬದುಕುವುದಿಲ್ಲ.

ಅಗಲ ಬಾಯಿಯ ದಪ್ಪ ತಳದ ಪಾತ್ರೆಗೆ 2 ಚಮಚ ತೆಂಗಿನೆಣ್ಣೆ, ಜಜ್ಜಿದ 10 ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಸೀಳಿದ 3 ಹಸಿಮೆಣಸು, ಕರಿಬೇವು, ಹೆಚ್ಚಿದ ಒಂದು ಈರುಳ್ಳಿ. ಈರುಳ್ಳಿ ಮೆತ್ತಗಾದರೆ ಸಾಕು, ಕೆಂಪಾಗುವುದು ಬೇಡ. ಕಾಲು ಚಮಚ ಅರಿಶಿನ, ಕುಟ್ಟಿದ 1 ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, 4 ಸಿಪ್ಪೆ ಪುನರ್ಪುಳಿ (ಕೋಕಂ), ಅರ್ಧ ಲೋಟ ನೀರು ಹಾಕಿ. ಅದು ತಕತಕ ಕುದಿಯುವಾಗ ನೀಲಿಕಲ್ಲು ಸುರಿದು ಮುಚ್ಚಳ ಬಿಗಿಮಾಡಿ, ಉರಿ ಜೋರಾಗಿರಲಿ. ಸಣ್ಣ ಉರಿಯಲ್ಲಿ ಬಾಯಿ ಬಿಡಲು ತಡವಾಗಿ, ಮೊದಲು ಬಿಟ್ಟವು ರಬ್ಬರಾಗುತ್ತವೆ. ಎರಡು ನಿಮಿಷಕ್ಕೊಮ್ಮೆ ಪಾತ್ರೆಯನ್ನು ಮುಚ್ಚಳ ಸಮೇತ ಕುಲುಕಿ. 5ರಿಂದ 6 ನಿಮಿಷದಲ್ಲಿ ಹೆಚ್ಚಿನವು ಬಾಯಿ ಬಿಟ್ಟು, ಒಳಗಿನ ಮಾಂಸ ಉಬ್ಬಿ ಕಾಣುತ್ತದೆ. ಕಿತ್ತಳೆ ಬಣ್ಣದ್ದು ಹೆಣ್ಣು, ಕೆನೆ ಬಣ್ಣದ್ದು ಗಂಡು, ಎರಡೂ ತಿನ್ನಲು ಚೆನ್ನ. ಆಗಲೂ ಬಿಗಿದುಕೊಂಡೇ ಇರುವುದನ್ನು ಬಿಸಾಡಿ.

ಚಿಪ್ಪುಗಳನ್ನು ಜಾಲರಿ ಸೌಟಿನಲ್ಲಿ ಬೇರೆ ಪಾತ್ರೆಗೆ ತೆಗೆಯಿರಿ. ರಸ ಎರಡು ನಿಮಿಷ ಅಲುಗಾಡದೆ ನಿಂತರೆ ಮರಳು ತಳಕ್ಕೆ ಇಳಿಯುತ್ತದೆ, ಮೇಲಿನದನ್ನಷ್ಟೇ ತೆಗೆದಿಟ್ಟ ಚಿಪ್ಪುಗಳ ಮೇಲೆ ಬಗ್ಗಿಸಿಕೊಳ್ಳಿ. ಒಲೆಯಿಂದ ಇಳಿಸಿದ ಮೇಲೆಯೇ ಅರ್ಧ ಲೋಟ ಗಟ್ಟಿ ಕಾಯಿಹಾಲು ಬೆರೆಸಿ. ಹುಳಿ ಇರುವುದರಿಂದ ಮತ್ತೆ ಕುದಿಸಿದರೆ ಒಡೆಯುತ್ತದೆ. ಈಗ ರುಚಿ ನೋಡಿ, ಉಪ್ಪು ಬೇಕೆನಿಸಿದರೆ ಮಾತ್ರ ಹಾಕಿ. ಬಿಸಿ ಕುಚ್ಚಲಕ್ಕಿ ಅನ್ನಕ್ಕಾಗಲಿ ನೀರುದೋಸೆಗಾಗಲಿ ಕೂಡಲೇ ಬಡಿಸಿ. ಉಳಿದರೆ ಮಾಂಸ ಬಿಡಿಸಿ ರಸದಲ್ಲೇ ಮುಳುಗಿಸಿ ಫ್ರಿಜ್ಜಿನಲ್ಲಿಡಿ. ಮರುದಿನ ಕುದಿ ಬರದಂತೆ ಹಬೆಯಾಡುವಷ್ಟು ಬಿಸಿ ಮಾಡಿ ಮುಗಿಸಿಬಿಡಿ.