ಕ್ಯಾಮೆರಾ ಆನ್ ಆಗುತ್ತಿಲ್ವಾ? ಬ್ಯಾಟರಿ ಬಾಗಿಲನ್ನೂ ನೋಡಿ

ಪವರ್ ಬಟನ್ ಒತ್ತಿದರೆ ಕ್ಯಾಮೆರಾ ಒಮ್ಮೆ ಆನ್ ಆಗುತ್ತದೆ, ಇನ್ನೊಮ್ಮೆ ಇಲ್ಲ. ಹೀಗಾದ ತಕ್ಷಣ ಸ್ವಿಚ್ಚೇ ಹಾಳಾಗಿದೆ ಅಂದುಕೊಳ್ಳಬೇಡಿ. ಮೊದಲು ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ ನೋಡಿ.

ಆಮೇಲೆ ಬ್ಯಾಟರಿ ಬಾಗಿಲು. ಇದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. ಹಲವು ಕ್ಯಾಮೆರಾಗಳಲ್ಲಿ ಬಾಗಿಲು ಮುಚ್ಚಿದಾಗ ಒಳಗಿನ ಪುಟ್ಟ ಸ್ವಿಚ್ ಒಂದು ಒತ್ತಿಕೊಳ್ಳುತ್ತದೆ. ಅದು ಒತ್ತಿಕೊಳ್ಳದಿದ್ದರೆ ಕ್ಯಾಮೆರಾ ಆನ್ ಆಗುವುದಿಲ್ಲ. ಬಾಗಿಲಿನ ಅಂಚಿನಲ್ಲಿ ಆ ಸ್ವಿಚ್ಚನ್ನು ಒತ್ತುವ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಚಾಚು ಇರುತ್ತದೆ, ಅದು ಮುರಿದಿದೆಯಾ ನೋಡಿ. ಬಾಗಿಲನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದು ಆನ್ ಮಾಡಿ. ಆನ್ ಆಯಿತಾ? ಹಾಗಾದರೆ ತೊಂದರೆ ಬಹುಶಃ ಬಾಗಿಲಿನದ್ದೇ.

ಎಷ್ಟೋ ಚಿಕ್ಕ ಕ್ಯಾಮೆರಾಗಳು ಪ್ಲೇಬ್ಯಾಕ್ ಬಟನ್ (ತೆಗೆದ ಫೋಟೊ ನೋಡುವ ಬಟನ್) ಒತ್ತಿ ಹಿಡಿದರೂ ಆನ್ ಆಗುತ್ತವೆ. ಇದು ತುಂಬಾ ಒಳ್ಳೆಯ ಪರೀಕ್ಷೆ. ಅದರಿಂದ ಆನ್ ಆಗಿ, ಪವರ್ ಬಟನ್‌ನಿಂದ ಆಗದಿದ್ದರೆ ಆಗ ಪವರ್ ಸ್ವಿಚ್ ಮೇಲೆ ಅನುಮಾನ ಪಡಬಹುದು.

ಬ್ಯಾಟರಿ ತೆಗೆದು ಪವರ್ ಸ್ವಿಚ್ಚನ್ನು ಒಂದಷ್ಟು ಸಲ ಸುಮ್ನೆ ಆನ್-ಆಫ್ ಮಾಡಿ. ಒಳಗೆ ಕೂತ ಧೂಳು, ಕಿಲುಬು ಉಜ್ಜಿಹೋಗಿ ಸರಿಯಾಗುವುದುಂಟು. ಬ್ಯಾಟರಿ ಕಾಂಟ್ಯಾಕ್ಟ್‌ಗಳನ್ನು (ಬ್ಯಾಟರಿಗೆ ತಾಗುವ ಲೋಹದ ತುದಿಗಳನ್ನು) ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ಹಚ್ಚಿದ ಇಯರ್‌ಬಡ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಸ್ವಿಚ್ ಸಂದಿಗೆ ಎಣ್ಣೆ ಮಾತ್ರ ಬಿಡಬೇಡಿ, ಧೂಳು ಇನ್ನೂ ಅಂಟುತ್ತದೆ.

ಇಷ್ಟಕ್ಕೂ ಜಗ್ಗದಿದ್ದರೆ ದಯವಿಟ್ಟು ನೀವೇ ಬಿಚ್ಚಬೇಡಿ. ಫ್ಲ್ಯಾಷ್ ಇರುವ ಕ್ಯಾಮೆರಾದ ಕೆಪಾಸಿಟರ್‌ನಲ್ಲಿ (ಫ್ಲ್ಯಾಷ್‌ಗಾಗಿ ವಿದ್ಯುತ್ ಕೂಡಿಟ್ಟುಕೊಳ್ಳುವ ಭಾಗದಲ್ಲಿ) ಬ್ಯಾಟರಿ ತೆಗೆದ ಮೇಲೂ ಸುಮಾರು 300 ವೋಲ್ಟ್ ಉಳಿದಿರಬಹುದು. ಜೋರಾಗಿ ಶಾಕ್ ಹೊಡೆಯುತ್ತದೆ. ರಿಪೇರಿಗೆ ಕೊಡುವಾಗ ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಯಾವ ಬಟನ್‌ಗೆ ಆನ್ ಆಯಿತು, ಯಾವುದಕ್ಕೆ ಆಗಲಿಲ್ಲ ಅನ್ನುವುದನ್ನೂ ಅವರಿಗೆ ಹೇಳಿ.