ಊರಿಗೆ ಕಂಪ್ಯೂಟರ್ ಕೊಡಿಸುವ ಮುಂಚೆ ದಾನಿಗಳು ಹಾಕಬೇಕಾದ ಲೆಕ್ಕ

ದಾವಣಗೆರೆ ಸೀಮೆಯಲ್ಲಿ ಶಾಲೆಗೆ ಕೊಠಡಿ ಕಟ್ಟಿಸಿದ, ದಾಸೋಹಕ್ಕೆ ಅಕ್ಕಿ ಕಳಿಸಿದ ಕೈಗಳೇ ಈಗ ಕಂಪ್ಯೂಟರ್, ಟ್ಯಾಬ್, ಆ್ಯಪ್ ಕೊಡಿಸುತ್ತಿವೆ. ವರ್ತಕರ ಸಂಘಗಳು, ಮನೆತನದ ಟ್ರಸ್ಟ್‌ಗಳು, ಕಾಲೇಜುಗಳ ಹಳೆಯ ವಿದ್ಯಾರ್ಥಿಗಳು, ಎಲ್ಲರೂ ಇದ್ದಾರೆ. ಆದರೆ ಅಕ್ಕಿ ಕೊಟ್ಟಂತಲ್ಲ ಇದು. ಕಂಪ್ಯೂಟರ್ ಬಂದ ದಿನದಿಂದಲೇ ಊರವರ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕು, ಬೆರಳಚ್ಚು ಯಾರದೋ ಕೈಗೆ ಸಿಗಲು ಶುರುವಾಗುತ್ತವೆ. ಅದಕ್ಕೆ ಹೊಣೆ ಯಾರು ಎಂಬುದನ್ನು ಗೊತ್ತು ಮಾಡಿಕೊಳ್ಳದೆ ಯಂತ್ರ ಇಳಿಸಬಾರದು.

ಜಗಳೂರು ಇಲ್ಲವೇ ಮೊಳಕಾಲ್ಮೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ, ಎರಡು ವರ್ಷ ನಡೆಸುವ ಡಿಜಿಟಲ್ ನೆರವು ಕೇಂದ್ರವನ್ನು ಕಣ್ಣ ಮುಂದೆ ಇಟ್ಟುಕೊಂಡು ಕೆಳಗಿನ ಲೆಕ್ಕ ಹಾಕಿದೆ. ಒಟ್ಟು ಮೊತ್ತ 6 ಲಕ್ಷ ರೂಪಾಯಿ.

ಕೊಳ್ಳುವ ಮುಂಚೆ ಎರಡು ವಾರ ಕೂತು ನೋಡಿ

ಸಂತೆಯ ದಿನ, ನ್ಯಾಯಬೆಲೆ ಅಂಗಡಿ ತೆರೆಯುವ ದಿನ, ಬ್ಯಾಂಕಿನಲ್ಲಿ ಜನ ತುಂಬುವ ದಿನ, ಈ ಮೂರೂ ದಿನ ಒಬ್ಬರು ನೋಟ್‌ಬುಕ್ ಹಿಡಿದು ಪಂಚಾಯಿತಿ ಕಟ್ಟೆಯ ಮೇಲೆ ಕೂರಲಿ. ಯಾರು ಯಾವ ಕೆಲಸಕ್ಕೆ ಬಂದರು, ಎಲ್ಲಿ ತಡೆಯಾಯಿತು, ಎಷ್ಟನೇ ಸಲ ಬಂದಿದ್ದಾರೆ, ಇಷ್ಟೇ ಬರೆಯಬೇಕು. ಹೆಸರು ಬೇಡ. ಹೀಗೆ 100 ಸಾಲು ಬರೆದರೆ ಊರಿನ ನಿಜವಾದ ತೊಡಕು ಕಾಣುತ್ತದೆ. ಗಾರೆ ಕೆಲಸ, ಈರುಳ್ಳಿ ಕೀಳುವ ಕೆಲಸ, ಮಂಡಕ್ಕಿ ಭಟ್ಟಿಯ ಕೆಲಸ ಮಾಡಿದವರ ಬೆರಳ ಗೆರೆ ಸವೆದು ಯಂತ್ರ ಗುರುತು ಹಿಡಿಯುವುದಿಲ್ಲ. ಒಟಿಪಿ ಬರುವ ಫೋನು ಬೆಂಗಳೂರಿನಲ್ಲಿರುವ ಮಗನ ಜೇಬಿನಲ್ಲಿರುತ್ತದೆ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವಾಗ ತಪ್ಪಿದ ಒಂದು ಅಕ್ಷರಕ್ಕೆ ಇವತ್ತಿಗೂ ಸಾಲ ತಡೆಯುತ್ತದೆ. ಅದರ ತಿದ್ದುಪಡಿ ಆಗಬೇಕಾದದ್ದು ತಾಲ್ಲೂಕು ಕಚೇರಿಯಲ್ಲಿ. ಎಷ್ಟು ಒಳ್ಳೆಯ ಕಂಪ್ಯೂಟರ್ ಕೊಡಿಸಿದರೂ ಅರ್ಜಿ ಹಿಡಿದು ಜೊತೆಗೆ ಹೋಗಲು ಒಬ್ಬ ಮನುಷ್ಯ ಬೇಕೇ ಬೇಕು.

ಹಣ ಹಂಚುವ ಬಗೆ

ಅದೇ ಊರಿನ, ಪಿಯುಸಿ ಓದಿದ ಇಬ್ಬರು ಹೆಣ್ಣುಮಕ್ಕಳನ್ನು ದಿನಕ್ಕೆ ನಾಲ್ಕು ಗಂಟೆಯಂತೆ ಪಾಳಿಯಲ್ಲಿ ಇರಿಸಿ. ತಲಾ 8,000 ರೂಪಾಯಿಯಂತೆ 24 ತಿಂಗಳಿಗೆ 3,84,000. ತರಬೇತಿಗೆ 30,000. ನವೀಕರಿಸಿದ ನಾಲ್ಕು ಕಂಪ್ಯೂಟರಿಗೆ 60,000, ಪ್ರಿಂಟರ್-ಸ್ಕ್ಯಾನರಿಗೆ 18,000, ಇನ್ವರ್ಟರ್ ಮತ್ತು ಬ್ಯಾಟರಿಗೆ 30,000, ಮೇಜು-ಕುರ್ಚಿಗೆ 8,000. ಇಂಟರ್ನೆಟ್ಟಿಗೆ 20,000, ರಿಪೇರಿಗೆ 30,000. ಉಳಿದ 20,000 ಊರವರ ಮುಂದೆ ಲೆಕ್ಕ ಒಪ್ಪಿಸುವ ಸಭೆಗಳಿಗೆ. ಅಂದರೆ ಸಾಮಾನಿಗೆ ಹೋಗುವುದು 1,16,000 ಮಾತ್ರ, ನೂರಕ್ಕೆ ಇಪ್ಪತ್ತೂ ಇಲ್ಲ. ಟ್ರಸ್ಟಿನ ಸಭೆಯಲ್ಲಿ ಇದಕ್ಕೆ ತಕರಾರು ಬರುವುದು ಖಂಡಿತ, ಸಂಬಳಕ್ಕೆ ಕೊಟ್ಟದ್ದು ಫೋಟೊದಲ್ಲಿ ಕಾಣುವುದಿಲ್ಲವಲ್ಲ. ಆದರೂ ಇದನ್ನು ಬಿಟ್ಟುಕೊಡಬೇಡಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಟ್ಯಾಬುಗಳು ಎಷ್ಟೋ ಶಾಲೆಗಳಲ್ಲಿವೆ. ಹೇಳಿಕೊಡುವವರಿಗೆ ಹಣ ಇಡದಿರುವುದೇ ಕಾರಣ.

ಗೌರವಧನವನ್ನು ಮೂರು ತಿಂಗಳಿಗೊಮ್ಮೆ ಮುಂಗಡವಾಗಿ ಕಳಿಸಿ. ಎರಡು ತಿಂಗಳು ತಡವಾದರೆ ಕೇಂದ್ರದಲ್ಲಿ ಅರ್ಜಿಗೆ ಐವತ್ತು ರೂಪಾಯಿ ಕೇಳುವುದು ಶುರುವಾಗುತ್ತದೆ, ಒಮ್ಮೆ ಶುರುವಾದದ್ದು ನಿಲ್ಲುವುದಿಲ್ಲ. ಯಾವ ಕೆಲಸಕ್ಕೆ ಎಷ್ಟು ಸರ್ಕಾರಿ ಶುಲ್ಕ, ಕೇಂದ್ರದ ಶುಲ್ಕ ಏನೂ ಇಲ್ಲ ಎಂಬುದನ್ನು ಬಾಗಿಲಲ್ಲೇ ದಪ್ಪಕ್ಷರದಲ್ಲಿ ಬರೆಸಿ. ದಾನಿಯ ಹೆಸರು ಅದರ ಕೆಳಗೆ ಇರಲಿ.

ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳಿಂದ ಹಣ ತರಿಸುವವರು ಪಾಸ್‌ಪೋರ್ಟ್ ಕೇಳಿ ನೋಡಬೇಕು. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು, ಅವರು ಇಲ್ಲಿಯೇ ಹುಟ್ಟಿ ಬೆಳೆದವರಾದರೂ, ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿಯಾಗಲಿ ಮುಂಚಿನ ಅನುಮತಿಯಾಗಲಿ ಇಲ್ಲದ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ. ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಬೇಕಿದ್ದರೆ ಟ್ರಸ್ಟ್ ಮೊದಲು ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿರಬೇಕು.

ಹಳೆಯ ಕಂಪ್ಯೂಟರ್ ಬಂದರೆ

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲು ಬಾರದ ಗಟ್ಟಿಮುಟ್ಟಾದ ಯಂತ್ರಗಳನ್ನು ಕಚೇರಿಗಳು ಈಗ ಕೈಬಿಡುತ್ತಿವೆ. ಅವನ್ನು ಪಡೆಯಬಹುದು. 4 ಜಿಬಿ ರ‍್ಯಾಮ್ ಇದ್ದರೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ನಡೆಯುತ್ತದೆ, 8 ಜಿಬಿ ಇದ್ದರೆ ಸಲೀಸು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕ್) ಹಾಕಿಸಿ, ವೇಗದಲ್ಲಿ ಆಗುವ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಹಳೆಯ ಡಿಸ್ಕನ್ನೇ ಬಳಸುವುದಾದರೆ ಪೂರ್ತಿ ಅಳಿಸಬೇಕು. ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಅಳಿಯುವುದು ಪುಸ್ತಕದ ಪರಿವಿಡಿ ಮಾತ್ರ, ಪುಟಗಳು ಹಾಗೇ ಇರುತ್ತವೆ. 500 ಜಿಬಿ ಹಾರ್ಡ್ ಡಿಸ್ಕಿನ ಮೇಲೆ ಪೂರ್ತಿಯಾಗಿ ಸೊನ್ನೆ ಬರೆಸಲು ಒಂದೂವರೆಯಿಂದ ಎರಡು ಗಂಟೆ ಬೇಕು. ಎಸ್‌ಎಸ್‌ಡಿಗೆ ಈ ವಿಧಾನ ಸಾಲದು, ತಯಾರಕರೇ ಕೊಡುವ ಅಳಿಸುವ ಆಜ್ಞೆಯನ್ನು ಬಳಸಿ.

ನಾಲ್ಕು ಕಂಪ್ಯೂಟರ್ ಸೇರಿ ಸುಮಾರು 400 ವ್ಯಾಟ್. 150 ಆಂಪಿಯರ್-ಅವರ್ ಬ್ಯಾಟರಿ ಎರಡು ಗಂಟೆ ತಡೆಯುತ್ತದೆ. ಪ್ರಿಂಟರನ್ನು, ಅದರಲ್ಲೂ ಲೇಸರ್ ಪ್ರಿಂಟರನ್ನು, ಇನ್ವರ್ಟರಿಗೆ ಜೋಡಿಸಬೇಡಿ. ಅದು ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟಿಗೆ ಇನ್ವರ್ಟರ್ ಟ್ರಿಪ್ ಆಗುತ್ತದೆ.

ಕಣ್ಣು ಕಾಣದವರಿಗಾಗಿ ಒಂದು ಯಂತ್ರದಲ್ಲಾದರೂ ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶ ಇರಲಿ. ಇ-ಸ್ಪೀಕ್ ಉಚಿತ, ಅದಕ್ಕೆ ಕನ್ನಡ ಬರುತ್ತದೆ. ಧ್ವನಿ ಯಾಂತ್ರಿಕವಾಗಿದ್ದರೂ ಕೆಲಸ ಆಗುತ್ತದೆ.

ಜನರ ಕಾಗದ ಪತ್ರ

ಇದು ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವ ಜಾಗ, ಎಲ್ಲರೂ ಸಡಿಲ ಬಿಡುವ ಜಾಗವೂ ಹೌದು. ಆಧಾರ್ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಎನ್ನುವುದು ರೂಢಿಯಾಗಿಬಿಟ್ಟಿದೆ. ಆ ಚಿತ್ರ ಕೇಂದ್ರದವರ ಸ್ವಂತ ಫೋನಿನ ಗ್ಯಾಲರಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆ ಫೋನು ಕಳೆದರೆ, ಮಾರಿದರೆ, ಊರಿನ ಅರ್ಧ ಜನರ ದಾಖಲೆ ಬೀದಿಗೆ ಬಿದ್ದಂತೆ. ಕೇಂದ್ರದ ಸ್ಕ್ಯಾನರಿನಲ್ಲೇ ಸ್ಕ್ಯಾನ್ ಮಾಡಿ, ಅರ್ಜಿ ಸಲ್ಲಿಕೆಯಾದ ಕೂಡಲೇ ಕಡತ ಅಳಿಸಿ. ಬಾಗಿಲು ಹಾಕುವ ಮುಂಚೆ ಡೌನ್‌ಲೋಡ್ ಫೋಲ್ಡರ್, ಕಸದ ಬುಟ್ಟಿ ಎರಡೂ ಖಾಲಿ ಇವೆಯೇ ಎಂದು ಪಾಳಿಯಲ್ಲಿದ್ದವರು ನೋಡಿ ಸಹಿ ಹಾಕಲಿ. ಹಾಳಾದ ಪ್ರಿಂಟನ್ನು ಹರಿದೇ ಎಸೆಯಬೇಕು, ಮಿರ್ಚಿ ಕಟ್ಟಲು ಹೋಗಬಾರದು. ರಿಜಿಸ್ಟರಿನಲ್ಲಿ ಆಧಾರ್ ಸಂಖ್ಯೆ ಬೇಡ. ಟೋಕನ್ ಸಂಖ್ಯೆ, ಫೋನ್ ಸಂಖ್ಯೆ, ಹೆಣ್ಣೋ ಗಂಡೋ, ಕೆಲಸದ ಹೆಸರು, ಆಯಿತೋ ಇಲ್ಲವೋ, ಇಷ್ಟು ಸಾಕು. ಯುಪಿಐ ಪಿನ್ ಅನ್ನು ಫೋನಿನ ಒಡೆಯರೇ ಒತ್ತಬೇಕು. ಅಜ್ಜಿ ತಾನಾಗಿ ಹೇಳಿದರೂ ಕೇಳಿಸಿಕೊಳ್ಳಬಾರದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ವಿವರ ಪಡೆಯಲು ತಂದೆ-ತಾಯಿ ಇಲ್ಲವೇ ಪೋಷಕರ ಒಪ್ಪಿಗೆ ಬೇಕು. ಶಾಲೆಗೆ ಕಲಿಕಾ ಆ್ಯಪ್ ಕೊಡಿಸುವ ದಾನಿಗಳು ಇದನ್ನು ಮುಖ್ಯೋಪಾಧ್ಯಾಯರ ತಲೆಗೆ ಕಟ್ಟಬಾರದು. ಒಪ್ಪಿಗೆ ಪತ್ರ ಕನ್ನಡದಲ್ಲಿ ಒಂದೇ ಪುಟ ಇರಲಿ, ಓದು ಬಾರದವರಿಗೆ ಓದಿ ಹೇಳಿ. ಒಪ್ಪದಿದ್ದರೂ ಮಗುವಿಗೆ ಪಾಠ ತಪ್ಪದು ಎಂಬ ಸಾಲು ಅದರಲ್ಲಿ ಇರಲೇಬೇಕು.

ಆನ್‌ಲೈನ್ ವಂಚನೆಯಲ್ಲಿ ದುಡ್ಡು ಕಳೆದುಕೊಂಡು ಓಡಿ ಬಂದವರಿಗೆ ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಬೈಯುವುದು, ಬುದ್ಧಿ ಹೇಳುವುದು ಆಮೇಲೂ ಬೇಡ. ಹಣ ಕಡಿತವಾದ ಸಂದೇಶ, ವಹಿವಾಟಿನ ಸಂಖ್ಯೆ, ಸಮಯ ಕೈಯಲ್ಲಿರಲಿ. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮೊದಲೇ ತಡೆಯಬೇಕಾದ್ದರಿಂದ ಇಲ್ಲಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಆ್ಯಪ್ ಮಾಡಿಸುವವರೊಂದಿಗೆ ಕರಾರು

ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಪ್ರಾಜೆಕ್ಟಿಗೆಂದು ಮಾಡಿಕೊಟ್ಟ ಆ್ಯಪ್ ಅವರು ಪಾಸಾಗಿ ಹೋದ ವರ್ಷವೇ ನಿಲ್ಲುತ್ತದೆ. ಪಾಸ್‌ವರ್ಡ್ ಅವರ ಹತ್ತಿರವೇ ಉಳಿದಿರುತ್ತದೆ, ಸರ್ವರಿನ ಬಾಡಿಗೆ ಕಟ್ಟುವವರು ಇರುವುದಿಲ್ಲ. ಕಂಪನಿಯಿಂದ ಮಾಡಿಸಿದರೂ ಅಷ್ಟೇ. ಹಣ ಕೊಡುವ ಮುಂಚೆಯೇ ಕಾಗದದಲ್ಲಿ ಬರೆಸಿಕೊಳ್ಳಿ: ಆ್ಯಪ್‌ನ ಮೂಲ ಸಂಕೇತ (ಸೋರ್ಸ್ ಕೋಡ್) ಮತ್ತು ಎಲ್ಲ ಪಾಸ್‌ವರ್ಡ್ ಟ್ರಸ್ಟಿಗೆ ಸೇರಬೇಕು. ಕನ್ನಡ ಯೂನಿಕೋಡ್‌ನಲ್ಲೇ ಇರಬೇಕು, ಹಳೆಯ ಫಾಂಟಿನಲ್ಲಿ ಟೈಪಾದದ್ದು ಬೇರೆ ಫೋನಿನಲ್ಲಿ ಓದಲು ಬರುವುದಿಲ್ಲ. ನೆಟ್‌ವರ್ಕ್ ಹೋದಾಗ ತುಂಬಿದ ಅರ್ಜಿ ಅಳಿಯಬಾರದು. ಜನರ ವಿವರ ಮಾರುವಂತಿಲ್ಲ, ಸಾಲ ಕೊಡುವ ಕಂಪನಿಗೆ ಕೊಡುವಂತಿಲ್ಲ, ದಾನಿಯ ಸ್ವಂತ ವ್ಯಾಪಾರಕ್ಕೂ ಇಲ್ಲ. ಕೊನೆಯ ಕಂತಿನ ನೂರಕ್ಕೆ ಇಪ್ಪತ್ತನ್ನು ಆರು ತಿಂಗಳು ಹಿಡಿದಿಡಿ.

ದಾವಣಗೆರೆ ನಗರದಲ್ಲಿ ಕೇಂದ್ರ ತೆರೆಯುವುದಾದರೆ ಡೆಲಿವರಿ ಹುಡುಗರಿಗೆ ವಾರಕ್ಕೊಂದು ಸಂಜೆ ಮೀಸಲಿಡಿ. ಐಡಿ ಬ್ಲಾಕ್ ಆಯಿತು ಎಂದರೆ ಅವರ ಅನ್ನವೇ ಹೋದಂತೆ, ಆದರೆ ಕೇಳಲು ಕಚೇರಿ ಇರುವುದಿಲ್ಲ. ಕರ್ನಾಟಕದ 2025ರ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಕೆಲಸ ಪಡೆಯುವವರ) ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಲಿಖಿತ ಕಾರಣ ಕೊಟ್ಟು 14 ದಿನದ ನೋಟಿಸ್ ನೀಡದೆ ಕೆಲಸದಿಂದ ತೆಗೆಯುವಂತಿಲ್ಲ. ಈ ದೂರನ್ನು ಬರೆದುಕೊಡುವುದು, ಗಿಗ್ ಕಾರ್ಮಿಕರ ಮಂಡಳಿಯಲ್ಲಿ ಅವರ ನೋಂದಣಿ ಆಗಿದೆಯೇ ನೋಡುವುದು ಕೇಂದ್ರದ ಕೆಲಸವಾಗಲಿ.

ಲೆಕ್ಕ ಒಪ್ಪಿಸುವುದು

ಎಷ್ಟು ಜನ ತರಬೇತಿ ಪಡೆದರು ಎಂಬ ಅಂಕಿಯಿಂದ ಏನೂ ತಿಳಿಯದು. ಎಷ್ಟು ಅರ್ಜಿ ಬಂದವು, ಎಷ್ಟು ಬಗೆಹರಿದವು, ಎಷ್ಟು ಉಳಿದವು, ಉಳಿದದ್ದು ಯಾರ ಮೇಜಿನ ಮೇಲೆ ಎಂಬುದನ್ನು ಮೂರು ತಿಂಗಳಿಗೊಮ್ಮೆ ಊರವರ ಮುಂದೆ ಗಟ್ಟಿಯಾಗಿ ಓದಿಸಿ. ಹೆಣ್ಣುಮಕ್ಕಳ ಪಾಲನ್ನು ಬೇರೆಯಾಗಿ ಓದಿಸಿ. ಅದು ಅರ್ಧಕ್ಕಿಂತ ಕಡಿಮೆ ಇದ್ದರೆ ಮೊದಲು ಕೇಂದ್ರದ ಸಮಯ ನೋಡಿ, ಹೊಲದ ಕೆಲಸ ಬಿಟ್ಟು ಬೆಳಗ್ಗೆ 11ಕ್ಕೆ ಬರಲು ಆಗುವುದಿಲ್ಲ. ಸಂಜೆ 5ರಿಂದ 7ರವರೆಗೆ ತೆರೆದಿಟ್ಟು ನೋಡಿ.

ಹದಿನೆಂಟನೇ ತಿಂಗಳಲ್ಲಿ ಪಂಚಾಯಿತಿಯ ಜೊತೆ ಕೂತು ಮುಂದೆ ಯಾರು ನಡೆಸುವುದು ಎಂದು ಠರಾವು ಮಾಡಿಸಿ. ನಡೆಸುವವರು ಸಿಗದಿದ್ದರೆ ಮುಚ್ಚುವ ದಿನಾಂಕವನ್ನು ಬಾಗಿಲಿಗೆ ಅಂಟಿಸಿ, ಬಾಕಿ ಅರ್ಜಿಗಳ ಟೋಕನ್‌ಗಳನ್ನು ಒಬ್ಬೊಬ್ಬರಿಗೂ ಫೋನ್ ಮಾಡಿ ಮುಗಿಸಿ, ಡಿಸ್ಕುಗಳನ್ನು ಮತ್ತೆ ಪೂರ್ತಿ ಅಳಿಸಿ ಶಾಲೆಗೆ ಕೊಡಿ. ಸತ್ತ ಯಂತ್ರಗಳು ಗುಜರಿಗೆ ಬೇಡ, ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಕೊಟ್ಟು ರಸೀದಿ ಪಡೆಯಿರಿ. ಬ್ಯಾಟರಿಯನ್ನು ಕೊಂಡ ಅಂಗಡಿಯವರಿಗೇ ಹಿಂದಿರುಗಿಸಿ.